ಒಂದು ಲೆಟರ್ ಬರೆದುಕೊಡು, ಮುಗಿಸಿಬಿಡೋಣ

ಕಾಲೇಜಿನ ಶಿಸ್ತು ಸಮಿತಿಯ ಹಳೆಯ ಫೈಲುಗಳನ್ನು ತಿರುವಿ ಹಾಕಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ದೂರಿನ ಪ್ರತಿ ಹುಡುಕಿದರೂ ಸಿಗುವುದಿಲ್ಲ. ಸಿಕ್ಕರೂ ಯಾರೋ ಫೋನಿನಲ್ಲಿ ಹೇಳಿದ್ದನ್ನು ಇನ್ಯಾರೋ ಅರ್ಧ ಹಾಳೆಯಲ್ಲಿ ಗೀಚಿಟ್ಟದ್ದು. ವಿದ್ಯಾರ್ಥಿಗೆ ಕೊಟ್ಟ ನೋಟಿಸ್ ಇರುವುದಿಲ್ಲ. ಯಾರನ್ನು ಏನು ಕೇಳಿದರು, ಅವರು ಏನೆಂದರು ಎನ್ನುವುದಂತೂ ಇಲ್ಲವೇ ಇಲ್ಲ. ತಪ್ಪದೆ ಇರುವುದು ಒಂದೇ ಕಾಗದ, ಕ್ಷಮಾಪಣೆ ಪತ್ರ. ಕೆಲವು ಗೀಟಿನ ಹಾಳೆಯಲ್ಲಿ, ಕೆಲವು ನೋಟ್‌ಬುಕ್ಕಿನಿಂದ ಹರಿದ ಅಂಚು ಹಾಗೇ ಉಳಿದ ಹಾಳೆಯಲ್ಲಿ. ಕೈಬರಹ ಬೇರೆ ಬೇರೆ, ಮಾತು ಮಾತ್ರ ಒಂದೇ. ‘ನನ್ನಿಂದ ತಿಳಿಯದೆ ತಪ್ಪಾಗಿದೆ. ದಯವಿಟ್ಟು ಕ್ಷಮಿಸಬೇಕಾಗಿ ವಿನಂತಿ. ಇನ್ನು ಮುಂದೆ ಈ ರೀತಿ ಆಗದಂತೆ ನೋಡಿಕೊಳ್ಳುತ್ತೇನೆ. ಆದಲ್ಲಿ ಕಾಲೇಜು ಕೈಗೊಳ್ಳುವ ಯಾವುದೇ ಕ್ರಮಕ್ಕೆ ಬದ್ಧನಾಗಿರುತ್ತೇನೆ.’ ಯಾವ ತಪ್ಪು, ಎಂದು, ಎಲ್ಲಿ ಎನ್ನುವುದು ಒಂದರಲ್ಲೂ ಇಲ್ಲ. ಹತ್ತಾರು ಪತ್ರ ಓದಿದ ಮೇಲೂ ಈ ಹುಡುಗರು ಏನು ಮಾಡಿದ್ದರು ಎಂದು ಕೇಳಿದರೆ ಹೇಳಲು ಬರುವುದಿಲ್ಲ.

ಕೆಲವು ಕಾಲ ಅಂಥದೊಂದು ಸಮಿತಿಯ ಸದಸ್ಯ ಕಾರ್ಯದರ್ಶಿ ನಾನೇ ಆಗಿದ್ದೆ. ಹೆಸರು ದೊಡ್ಡದು, ಕೆಲಸ ನಡಾವಳಿ ಬರೆಯುವುದು. ಸಮಿತಿ ಎಂದರೆ ಸಾಮಾನ್ಯವಾಗಿ ಪ್ರಿನ್ಸಿಪಾಲರು, ಒಂದಿಬ್ಬರು ವಿಭಾಗದ ಮುಖ್ಯಸ್ಥರು, ಹಾಸ್ಟೆಲ್ ವಾರ್ಡನ್, ಒಬ್ಬ ಮಹಿಳಾ ಅಧ್ಯಾಪಕಿ, ಜೊತೆಗೆ ದೈಹಿಕ ಶಿಕ್ಷಣ ನಿರ್ದೇಶಕರು. (ದೈಹಿಕ ಶಿಕ್ಷಣದವರು ಪ್ರತಿ ಶಿಸ್ತು ಸಮಿತಿಯಲ್ಲೂ ಯಾಕೆ ಇರಲೇಬೇಕು ಎಂದು ಒಮ್ಮೆ ಕೇಳಿದ್ದೆ. ‘ನಮ್ಮ ಹತ್ರ ಸೀಟಿ ಇರತ್ತಲ್ಲ ಸರ್’ ಎಂದು ಅವರೇ ನಕ್ಕರು.) ಕೆಟ್ಟ ಜನ ಯಾರೂ ಅಲ್ಲ. ಹುಡುಗರ ಭವಿಷ್ಯ ಹಾಳಾಗಬಾರದು ಎಂದು ನಿಜವಾಗಿ ಅಂದುಕೊಂಡವರೇ ಹೆಚ್ಚು. ಆ ಒಳ್ಳೆಯತನವೇ ಲೆಟರಿನ ದಾರಿ ಹಿಡಿಸುತ್ತದೆ ಎನ್ನುವುದು ನಿಧಾನವಾಗಿ ಅರ್ಥವಾಯಿತು. ವಿಚಾರಣೆ ಅಂದರೆ ರಗಳೆ. ಸಾಕ್ಷಿ ಕರೆಯಬೇಕು, ಬರೆದುಕೊಳ್ಳಬೇಕು, ಮನೆಯವರಿಗೆ ತಿಳಿಸಬೇಕು, ಸುದ್ದಿಯಾಗುತ್ತದೆ. ಲೆಟರ್ ಬರೆಸಿಕೊಂಡರೆ ಅರ್ಧ ಗಂಟೆಯಲ್ಲಿ ಎಲ್ಲರೂ ಕ್ಲಾಸಿಗೆ ಹೋಗಬಹುದು.

ಆದರೆ ಆ ಒಂದು ಹಾಳೆ ಎಷ್ಟು ಕೆಲಸ ಮಾಡುತ್ತದೆ ನೋಡಿ. ಅದೇ ತಪ್ಪೊಪ್ಪಿಗೆ, ಅದೇ ಸಾಕ್ಷ್ಯ, ಅದೇ ಶಿಕ್ಷೆ, ಮುಂದಿನ ಸಲಕ್ಕೆ ಅದೇ ಪೂರ್ವಾಪರ. ಇಷ್ಟೆಲ್ಲ ಆಗುವ ಕಾಗದದಲ್ಲಿ ಆರೋಪ ಮಾತ್ರ ಇಲ್ಲ. ಕಾಲೇಜಿನ ಶಿಸ್ತು ಕ್ರಮದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ವಿದ್ಯಾರ್ಥಿಯ ಮಾತು ಕೇಳುವುದು ಎಂದು ಹೇಳುತ್ತಾರೆ. ನನಗೆ ಅದಕ್ಕಿಂತ ಮೊದಲಿನದು ಮುಖ್ಯ ಅನಿಸುತ್ತದೆ. ಯಾವುದರ ಬಗ್ಗೆ ಮಾತಾಡಬೇಕು ಎಂದು ಅವನಿಗೆ ಹೇಳುವುದು.

ಏನಂತ ಬರೀಲಿ ಸರ್?

ಒಂದು ರಾತ್ರಿ ಹಾಸ್ಟೆಲಿನ ಮೇಲಿನ ಮಹಡಿಯಲ್ಲಿ ಯಾರೋ ಬೆಂಕಿ ನಂದಿಸುವ ಸಿಲಿಂಡರ್ ತೆಗೆದು ಕಾರಿಡಾರಿನ ತುಂಬ ಹೊಡೆದಿದ್ದರು. ಬೆಳಿಗ್ಗೆ ವಾರ್ಡನ್ ಆ ಸಾಲಿನ ಕೋಣೆಗಳಲ್ಲಿದ್ದ ಹುಡುಗರನ್ನೆಲ್ಲ ಸಾಲಾಗಿ ಕರೆತಂದು ಸಮಿತಿಯ ಎದುರು ನಿಲ್ಲಿಸಿದರು. ಸಾಕ್ಷಿ ಏನು ಎಂದರೆ ಚಪ್ಪಲಿ ತೋರಿಸಿದರು. ಎಲ್ಲರ ಚಪ್ಪಲಿಯ ಪಟ್ಟಿಗೂ ಬಿಳಿ ಪುಡಿ ಮೆತ್ತಿಕೊಂಡಿತ್ತು. ಆ ಕಾರಿಡಾರಿನಲ್ಲಿ ನಡೆದೇ ಅವರೆಲ್ಲ ಕೆಳಗೆ ಬಂದದ್ದು, ಮೆತ್ತದೆ ಇನ್ನೇನಾದೀತು? ವಾರ್ಡನ್ನರ ಚಪ್ಪಲಿಗೂ ಮೆತ್ತಿತ್ತು. ನನ್ನ ಪಕ್ಕ ಕೂತಿದ್ದ ಮೇಡಂ ಅದನ್ನು ನೋಡಿ ನನ್ನ ಕಡೆ ನೋಡಿದರು, ಇಬ್ಬರೂ ಏನೂ ಅನ್ನಲಿಲ್ಲ.

ಒಬ್ಬೊಬ್ಬರಿಗೂ ಒಂದೊಂದು ಹಾಳೆ ಕೊಟ್ಟರು. ನಾಲ್ಕು ಜನ ಮಾತಿಲ್ಲದೆ ಬರೆಯತೊಡಗಿದರು, ಅವರಿಗೆ ಅಭ್ಯಾಸವಿತ್ತು. ಮೊದಲ ವರ್ಷದ ಹುಡುಗನೊಬ್ಬ ಪೆನ್ನು ಹಿಡಿದು ಸುಮ್ಮನೆ ಕೂತ.

‘ಏನಂತ ಬರೀಲಿ ಸರ್?’

‘ತಪ್ಪಾಯ್ತು ಅಂತ ಬರಿ.’

‘ನಾನು ಸದ್ದು ಕೇಳಿ ಬಾಗಿಲು ತೆಗೆದು ನೋಡಿದೆ ಅಷ್ಟೆ ಸರ್. ಅದನ್ನ ಬರೀಲಾ?’

‘ಅದನ್ನೆಲ್ಲ ಬರೀಬೇಡ. ಇದೊಂದು ಫಾರ್ಮಾಲಿಟಿ ಕಣಪ್ಪ. ಬರೆದುಕೊಡು, ಮುಗಿಸಿಬಿಡೋಣ. ನಿನಗೂ ಕ್ಲಾಸಿದೆ, ನಮಗೂ ಕ್ಲಾಸಿದೆ.’

ಅವನು ಎರಡು ಸಾಲು ಬರೆದ, ಮತ್ತೆ ತಲೆ ಎತ್ತಿದ. ‘ತಿಳಿಯದೆ ತಪ್ಪಾಗಿದೆ ಅಂತ ಬರೀಲಾ ಸರ್, ಬರೀ ತಪ್ಪಾಗಿದೆ ಅಂತ ಬರೀಲಾ?’ ಕೊಂಕು ಇರಲಿಲ್ಲ ಅದರಲ್ಲಿ. ಪ್ರಶ್ನೆಪತ್ರಿಕೆಯಲ್ಲಿ ಗೊಂದಲವಾದರೆ ಕೇಳುತ್ತಾರಲ್ಲ, ಹಾಗೇ ಕೇಳಿದ. ಹಿರಿಯ ಮೇಷ್ಟರು ಒಂದು ಗಳಿಗೆ ಯೋಚಿಸಿ, ‘ತಿಳಿಯದೆ ಅಂತಲೇ ಬರಿ, ನಿನಗೇ ಒಳ್ಳೇದು’ ಎಂದರು. ನಿಜಕ್ಕೂ ಅವನ ಒಳ್ಳೆಯದಕ್ಕೇ ಹೇಳಿದರು. ನಡಾವಳಿಯಲ್ಲಿ ‘ಸದರಿ ವಿದ್ಯಾರ್ಥಿಗಳು ತಪ್ಪೊಪ್ಪಿಕೊಂಡು ಕ್ಷಮಾಪಣೆ ಕೋರಿರುತ್ತಾರೆ, ಎಚ್ಚರಿಕೆ ನೀಡಿ ಬಿಡಲಾಗಿದೆ’ ಎಂದು ದಾಖಲಾಯಿತು. ಸಿಲಿಂಡರ್ ಹೊಡೆದವರು ಯಾರು ಎಂಬ ಪ್ರಶ್ನೆ ಅಲ್ಲಿಗೆ ಮುಗಿಯಿತು. ಯಾರಿಗೂ ಅದರಲ್ಲಿ ಆಸಕ್ತಿ ಉಳಿದಿರಲಿಲ್ಲ. ನನ್ನ ಅಂದಾಜಿನಲ್ಲಿ, ನಿಜವಾಗಿ ಹೊಡೆದವನಿಗೆ ಆ ದಿನ ಸಿಕ್ಕಷ್ಟು ದೊಡ್ಡ ರಿಯಾಯಿತಿ ಬೇರೆ ಯಾವ ವಿಚಾರಣೆಯಲ್ಲೂ ಸಿಕ್ಕುತ್ತಿರಲಿಲ್ಲ. ಅವನ ತಪ್ಪನ್ನು ಎಲ್ಲರೂ ಹಂಚಿಕೊಂಡು ಹೊತ್ತಿದ್ದರು.

ಮುಂದಿನ ವರ್ಷ ಗ್ರಂಥಾಲಯದ ಪರಾಮರ್ಶನ ಪುಸ್ತಕದಿಂದ ಪುಟಗಳನ್ನು ಹರಿದ ಪ್ರಕರಣ ಬಂತು. ಆ ಮಧ್ಯಾಹ್ನ ಪುಸ್ತಕ ತೆಗೆದುಕೊಂಡವರು ಮೂವರು, ಅವರಲ್ಲಿ ಈ ಹುಡುಗನೂ ಒಬ್ಬ. ಯಾರು ಹರಿದದ್ದು ಎಂದು ಗೊತ್ತಾಗುವ ದಾರಿ ಇರಲಿಲ್ಲ. ಅಷ್ಟರಲ್ಲಿ ಯಾರೋ ಹಳೆಯ ಫೈಲು ತೆಗೆದರು. ‘ಇವನದು ಮೊದಲೇ ಒಂದಿದೆಯಲ್ಲ, ಒಪ್ಪಿಕೊಂಡಿದ್ದಾನೆ ನೋಡಿ.’ ಉಳಿದಿಬ್ಬರಿಗೆ ಎಚ್ಚರಿಕೆ, ಇವನಿಗೆ ದಂಡ, ಜೊತೆಗೆ ಆ ಸೆಮಿಸ್ಟರ್ ಪೂರ್ತಿ ಗ್ರಂಥಾಲಯ ಬಂದ್. ಬಾಗಿಲು ತೆಗೆದು ನೋಡಿದ್ದಕ್ಕೆ ಬಂದ ಬಡ್ಡಿ ಅದು. ‘ಫಾರ್ಮಾಲಿಟಿ’ ಎಂದವರೇ ಅದನ್ನು ಪುರಾವೆಯಾಗಿ ಓದಿದರು. ಆ ಮಾತು ಅವರಿಗೆ ನೆನಪೂ ಇರಲಿಲ್ಲ, ಕಾಗದ ಮಾತ್ರ ಇತ್ತು.

ಒಬ್ಬೊಬ್ಬರು ಒಂದೊಂದು ಕಾರಣ

ಅಮೆರಿಕದ ಅಲಬಾಮಾದಲ್ಲಿ 1960ರಲ್ಲಿ ನಡೆದ ಒಂದು ಪ್ರಕರಣ ಈ ವಿಷಯದಲ್ಲಿ ನನಗೆ ಪದೇ ಪದೇ ನೆನಪಾಗುತ್ತದೆ. ಆ ವರ್ಷ ಫೆಬ್ರವರಿ 25ರಂದು ಮಾಂಟ್‌ಗೊಮೆರಿಯ ಕೋರ್ಟ್ ಕಟ್ಟಡದ ನೆಲಮಾಳಿಗೆಯಲ್ಲಿ ಬಿಳಿಯರಿಗೆ ಮಾತ್ರ ಊಟ ಬಡಿಸುತ್ತಿದ್ದ ಉಪಾಹಾರ ಮಂದಿರಕ್ಕೆ ಅಲಬಾಮಾ ಸ್ಟೇಟ್ ಕಾಲೇಜಿನ ಕಪ್ಪು ವಿದ್ಯಾರ್ಥಿಗಳು ಹೋಗಿ ಕೂತರು. ಮಾರ್ಚ್ ಮೊದಲ ವಾರದಲ್ಲಿ ಒಂಬತ್ತು ವಿದ್ಯಾರ್ಥಿಗಳನ್ನು ಕಾಲೇಜಿನಿಂದ ಹೊರಹಾಕಲಾಯಿತು, ಇಪ್ಪತ್ತು ಜನರನ್ನು ನಿಗಾದಲ್ಲಿ ಇಡಲಾಯಿತು. ವಿಚಾರಣೆ ಇಲ್ಲ. ಕೈಗೆ ಬಂದ ಪತ್ರದಲ್ಲಿ ಕಾಲೇಜಿಗೆ ಹಾನಿಯಾಗುವ ನಡತೆ, ವಿದ್ಯಾರ್ಥಿಗೆ ತಕ್ಕುದಲ್ಲದ ನಡತೆ, ಅವಿಧೇಯತೆ, ಇಂಥವೇ ಅಗಲವಾದ ಮಾತುಗಳು. ಏನು ಮಾಡಿದ್ದಕ್ಕೆ ಎಂದು ಬಿಡಿಸಿ ಹೇಳಿರಲಿಲ್ಲ.

ಸೇಂಟ್ ಜಾನ್ ಡಿಕ್ಸನ್ ಮತ್ತು ಜೊತೆಗಾರರು ಕೋರ್ಟಿಗೆ ಹೋದರು. ಹೊರಹಾಕುವ ತೀರ್ಮಾನ ಮಾಡಿದ ಶಿಕ್ಷಣ ಮಂಡಳಿಯ ಸದಸ್ಯರನ್ನು ಸಾಕ್ಷಿಕಟ್ಟೆಯಲ್ಲಿ ಕೇಳಿದಾಗ ಬಯಲಾದ ಸಂಗತಿ ಕುತೂಹಲದ್ದು. ಒಂದೇ ತೀರ್ಮಾನಕ್ಕೆ ಕೈ ಎತ್ತಿದವರು ಒಬ್ಬೊಬ್ಬರು ಒಂದೊಂದು ಕಾರಣ ಹೇಳಿದರು. ಉಪಾಹಾರ ಮಂದಿರದ ಪ್ರತಿಭಟನೆಯೊಂದನ್ನೇ ಕಾರಣವಾಗಿ ಕೊಟ್ಟವರು ಒಬ್ಬರು ಮಾತ್ರ, ಉಳಿದವರದು ಬೇರೆ ಬೇರೆ. ಅಂದರೆ ಶಿಕ್ಷೆಯ ಬಗ್ಗೆ ಒಮ್ಮತ ಇತ್ತು, ತಪ್ಪಿನ ಬಗ್ಗೆ ಇರಲಿಲ್ಲ. ನಾನು ಕೂತ ಸಭೆಗಳಲ್ಲೂ ಇದೇ ನಡೆಯುತ್ತಿತ್ತು, ಯಾರೂ ಸಾಕ್ಷಿಕಟ್ಟೆ ಹತ್ತಿಸಿ ಕೇಳಲಿಲ್ಲ ಅಷ್ಟೆ. ಒಬ್ಬರಿಗೆ ಹುಡುಗನ ಹಾಜರಾತಿಯ ಮೇಲೆ ಸಿಟ್ಟು, ಇನ್ನೊಬ್ಬರಿಗೆ ಅವನ ಕೂದಲಿನ ಮೇಲೆ, ಮೂರನೆಯವರಿಗೆ ಅವನ ಅಣ್ಣನ ಮೇಲೆ. ಮೂರೂ ಸೇರಿ ‘ಅಶಿಸ್ತು’ ಎಂಬ ಒಂದೇ ಪದವಾಗುತ್ತದೆ.

1961ರ ಆಗಸ್ಟ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ವಿದ್ಯಾರ್ಥಿಗಳ ಪರವಾಗಿ ತೀರ್ಪು ಕೊಟ್ಟಿತು. ಸರ್ಕಾರಿ ಹಣದಲ್ಲಿ ನಡೆಯುವ ಕಾಲೇಜು ವಿದ್ಯಾರ್ಥಿಯನ್ನು ದುರ್ನಡತೆಗಾಗಿ ಹೊರಹಾಕುವ ಮೊದಲು ನೋಟಿಸ್ ಕೊಡಬೇಕು, ಅದರಲ್ಲಿ ನಿರ್ದಿಷ್ಟ ಆರೋಪ ಇರಬೇಕು. ತನ್ನ ವಿರುದ್ಧ ಹೇಳಿದವರು ಯಾರು, ಏನು ಹೇಳಿದರು ಎಂದು ವಿದ್ಯಾರ್ಥಿಗೆ ತಿಳಿಸಬೇಕು. ಅವನ ಕಡೆಯ ಮಾತು, ಅವನ ಕಡೆಯ ಸಾಕ್ಷಿ ಎರಡಕ್ಕೂ ಅವಕಾಶ ಇರಬೇಕು. ಹಾಗಂತ ಕೋರ್ಟಿನಂತೆ ವಕೀಲರು, ಪಾಟೀಸವಾಲು ಎಲ್ಲ ಬೇಕಾಗಿಲ್ಲ. ಕಾಲೇಜು ಕಾಲೇಜಿನಂತೆಯೇ ವಿಚಾರಿಸಲಿ, ಆದರೆ ವಿಚಾರಿಸಲಿ. ಇಷ್ಟೇ ತೀರ್ಪಿನ ಸಾರ. ಹೊರಹಾಕಿಸಿಕೊಂಡವರ ದಾಖಲೆಯಿಂದ ಅದನ್ನು ರಾಜ್ಯದ ಶಿಕ್ಷಣ ಇಲಾಖೆ ಅಳಿಸಿದ್ದು 2018ರಲ್ಲಿ. ಕಾಲೇಜಿನ ಕಾಗದಕ್ಕೆ ಆಯುಸ್ಸು ಎಷ್ಟಿರುತ್ತದೆ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ನಮ್ಮ ಸುಪ್ರೀಂ ಕೋರ್ಟು ಹೆಚ್ಚುಕಡಿಮೆ ಅದೇ ಹೊತ್ತಿಗೆ, 1962ರಲ್ಲಿ, ಘನಶ್ಯಾಮ ದಾಸ್ ಗುಪ್ತಾ ಪ್ರಕರಣದಲ್ಲಿ ಇದೇ ಜಾಗಕ್ಕೆ ಬಂದು ನಿಂತಿತು. ಉತ್ತರ ಪ್ರದೇಶದ ಮೂವರು ವಿದ್ಯಾರ್ಥಿಗಳು 1954ರ ಪರೀಕ್ಷೆಯಲ್ಲಿ ಪಾಸಾಗಿದ್ದರು. ಆಮೇಲೆ ಪರೀಕ್ಷಾ ಮಂಡಳಿ ನಕಲು ಎಂದು ಫಲಿತಾಂಶ ರದ್ದು ಮಾಡಿ ಮುಂದಿನ ವರ್ಷದ ಪರೀಕ್ಷೆಗೂ ಕೂರದಂತೆ ಮಾಡಿತು. ಅವರನ್ನು ಒಂದು ಮಾತು ಕೇಳಿರಲಿಲ್ಲ. ಕೇಳಬೇಕು ಎಂದು ನಿಯಮದಲ್ಲಿ ಬರೆದಿಲ್ಲವಲ್ಲ ಎನ್ನುವುದು ಮಂಡಳಿಯ ವಾದ. ಬರೆದಿರದಿದ್ದರೂ ಒಬ್ಬನ ಬದುಕಿನ ಮೇಲೆ ಇಷ್ಟು ದೊಡ್ಡ ಪರಿಣಾಮ ಮಾಡುವವರು ಕೇಳಲೇಬೇಕು ಎಂದಿತು ಕೋರ್ಟು.

ಆದಾಮನನ್ನು ಕೂಡ ದೇವರು ವಿಚಾರಿಸದೆ ಹೊರಹಾಕಲಿಲ್ಲ ಎಂಬ ಮಾತೊಂದಿದೆ. 1723ರ ಸುಮಾರಿಗೆ ಇಂಗ್ಲೆಂಡಿನಲ್ಲಿ ರಿಚರ್ಡ್ ಬೆಂಟ್ಲಿ ಎಂಬ ಪಂಡಿತನ ಪದವಿಗಳನ್ನು ಕೇಂಬ್ರಿಜ್ ವಿಶ್ವವಿದ್ಯಾಲಯ ಅವನ ಮಾತು ಕೇಳದೆ ಕಿತ್ತುಕೊಂಡದ್ದರ ಬಗ್ಗೆ ನ್ಯಾಯಾಧೀಶರೊಬ್ಬರು ಆಡಿದ್ದು. ವಕೀಲರಿಗೆ ಬಹಳ ಪ್ರಿಯವಾದ ಮಾತು, ಯಾವುದೇ ಸೆಮಿನಾರಿಗೆ ಹೋದರೂ ಕಿವಿಗೆ ಬೀಳುತ್ತದೆ. ಆದರೆ ಆ ಕತೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಬೇರೆ. ದೇವರು ‘ನೀನು ಅಶಿಸ್ತಿನಿಂದ ವರ್ತಿಸಿದ್ದೀಯಂತೆ’ ಎನ್ನಲಿಲ್ಲ. ತಿನ್ನಬೇಡ ಎಂದು ನಾನು ಹೇಳಿದ್ದ ಆ ಮರದ ಹಣ್ಣು ತಿಂದೆಯಾ ಎಂದು ಕೇಳಿದ. ಯಾವ ಮರ, ಯಾವ ಹಣ್ಣು, ಯಾವ ನಿಯಮ, ಎಲ್ಲ ಆ ಒಂದು ಪ್ರಶ್ನೆಯಲ್ಲೇ ಇತ್ತು. ಎಲ್ಲ ಗೊತ್ತಿದ್ದವನೇ ಅಷ್ಟು ಬಿಡಿಸಿ ಕೇಳಿದ್ದಾನೆ. ನಮ್ಮ ಸಮಿತಿಗಳಿಗೆ ಅಷ್ಟು ಗೊತ್ತಿರುವುದಿಲ್ಲ.

ಹೇಳಿದ ರೀತಿ

ಪ್ರಿನ್ಸಿಪಾಲರು ಬದಲಾಗಿ ಕೆಲವು ತಿಂಗಳು ಸಮಿತಿಯ ಅಧ್ಯಕ್ಷತೆ ಒಬ್ಬ ಮೇಡಂ ಕೈಗೆ ಬಂತು. ರಸಾಯನಶಾಸ್ತ್ರದವರು, ಮಾತು ಕಡಿಮೆ. ಅವರು ಬಂದು ಮಾಡಿದ್ದು ಒಂದೇ ಬದಲಾವಣೆ. ಯಾವ ವಿದ್ಯಾರ್ಥಿಯನ್ನು ಕರೆಯುವ ಮೊದಲೂ ನನ್ನ ಕೈಯಲ್ಲಿ ಮೂರು ಸಾಲು ಬರೆಸುತ್ತಿದ್ದರು. ಏನು ಮಾಡಿದ, ಎಲ್ಲಿ, ಯಾವಾಗ. ಅದಕ್ಕೆ ಉತ್ತರ ತುಂಬಲು ಬರದಿದ್ದರೆ ಕರೆಯುವಂತಿಲ್ಲ. ಕೇಳಲಿಕ್ಕೆ ಇದು ಏನೂ ಅಲ್ಲ. ಅದರಿಂದ ಎಷ್ಟು ಪ್ರಕರಣಗಳು ಬಾಗಿಲಲ್ಲೇ ಕರಗಿದವು ಎಂದು ನೋಡಿದಾಗ ಮಾತ್ರ ಅದರ ತೂಕ ಗೊತ್ತಾಗುತ್ತದೆ.

ಒಂದು ದಿನ ಅಧ್ಯಾಪಕರೊಬ್ಬರು ಕೆಂಪಗಾಗಿ ಬಂದರು. ಅಂತಿಮ ವರ್ಷದ ಹುಡುಗನೊಬ್ಬ ಕ್ಲಾಸಿನಲ್ಲಿ ಎಲ್ಲರ ಎದುರು ಅಗೌರವವಾಗಿ ಮಾತಾಡಿದ್ದಾನೆ, ಇವತ್ತೇ ಸಸ್ಪೆಂಡ್ ಮಾಡಬೇಕು, ಇಲ್ಲದಿದ್ದರೆ ತಾನು ಆ ಕ್ಲಾಸಿಗೆ ಹೋಗುವುದಿಲ್ಲ. ಮೇಡಂ ಅವರಿಗೆ ಕುರ್ಚಿ ತೋರಿಸಿ ಹಾಳೆ ಮುಂದಿಟ್ಟರು.

‘ಅವನು ಅಂದ ಮಾತು ಇದರಲ್ಲಿ ಬರೀರಿ ಸರ್. ಹೇಗೆ ಅಂದನೋ ಹಾಗೇ.’

ಅವರು ಬರೆದರು. ‘ಸರ್, ಇದು ಸಿಲಬಸ್‌ನಲ್ಲಿ ಇಲ್ಲ.’

ಮೇಡಂ ಓದಿ, ಹಾಳೆ ತಿರುಗಿಸಿ ಹಿಂಭಾಗ ನೋಡಿದರು. ‘ಇಷ್ಟೇನಾ?’

‘ಮಾತು ಅಷ್ಟೇ ಮೇಡಂ. ಹೇಳಿದ ರೀತಿ ಇದೆಯಲ್ಲ, ಅದು.’

‘ಆ ರೀತೀನೂ ಬರೀರಿ ಮತ್ತೆ.’

ಅವರು ಸ್ವಲ್ಪ ಹೊತ್ತು ಪೆನ್ನಿನ ಕ್ಯಾಪು ತೆಗೆದು ಹಾಕಿ ಮಾಡಿದರು. ‘ಬೆಂಚಿಗೆ ಒರಗಿಕೊಂಡು’ ಎಂದು ಬರೆದರು, ಹೊಡೆದು ಹಾಕಿದರು. ‘ನಗುತ್ತಾ’ ಎಂದು ಬರೆದರು. ಅದನ್ನೂ ಹೊಡೆದರು. ಕೊನೆಗೆ ಹಾಳೆ ಮಡಚಿ ಜೇಬಿಗೆ ಹಾಕಿಕೊಂಡು, ‘ಇರಲಿ ಬಿಡಿ ಮೇಡಂ, ನಾನೇ ಮಾತಾಡ್ತೀನಿ’ ಎಂದು ಎದ್ದುಹೋದರು. ಹುಡುಗನ ಜೊತೆ ಏನು ಮಾತಾಡಿದರೋ ತಿಳಿಯದು, ಕ್ಲಾಸುಗಳು ನಡೆದವು. ಹಳೆಯ ಪದ್ಧತಿಯಲ್ಲಾಗಿದ್ದರೆ ಆ ಹುಡುಗ ಸಂಜೆಯೊಳಗೆ ಒಂದು ಲೆಟರ್ ಬರೆದಿರುತ್ತಿದ್ದ, ಅವನ ಫೈಲು ತೆರೆದಿರುತ್ತಿತ್ತು.

ಎಲ್ಲರಿಗೂ ಮೇಡಂ ಪದ್ಧತಿ ಹಿಡಿಸಲಿಲ್ಲ. ‘ಪೊಲೀಸ್ ಸ್ಟೇಷನ್ ಮಾಡಿಬಿಟ್ಟರು, ನಾವೇ ಎಫ್‌ಐಆರ್ ಬರೀಬೇಕಂತೆ’ ಎಂಬ ಗೊಣಗಾಟ ಸ್ಟಾಫ್ ರೂಮಿನಲ್ಲಿ ನಡೆದೇ ಇತ್ತು. ಅದರಲ್ಲಿ ಸ್ವಲ್ಪ ನಿಜವೂ ಇದೆ, ಆ ಕಡೆಗೂ ಬರುತ್ತೇನೆ.

ಬರೆಯಲು ಬಾರದ ತಪ್ಪುಗಳು

ಏನು, ಎಲ್ಲಿ, ಯಾವಾಗ ಎಂದು ಕೇಳಿದರೆ ಉತ್ತರಿಸಲಾಗದ ದೂರುಗಳೆಲ್ಲ ಸುಳ್ಳಲ್ಲ. ಒಬ್ಬ ಹುಡುಗ ಒಬ್ಬಳು ಹುಡುಗಿಯನ್ನು ತಿಂಗಳುಗಟ್ಟಲೆ ಹಿಂಬಾಲಿಸುತ್ತಾನೆ ಎನ್ನಿ. ಪ್ರತಿ ಸಲವೂ ಅವನು ಮಾಡಿದ್ದು ಗ್ರಂಥಾಲಯದಲ್ಲಿ ಎದುರಿನ ಕುರ್ಚಿಯಲ್ಲಿ ಕೂತದ್ದು, ಮೆಟ್ಟಿಲ ಬಳಿ ನಿಂತದ್ದು, ಅಷ್ಟೇ. ಒಂದೊಂದೇ ಸಾಲಾಗಿ ಬರೆದರೆ ಏನೂ ಇಲ್ಲ. ‘ಹೇಳಿದ ರೀತಿ’ ಎಂದು ಅಧ್ಯಾಪಕರು ಹೇಳಿದಾಗ ನಗು ಬಂತು, ‘ನೋಡುವ ರೀತಿ’ ಎಂದು ಅವಳು ಹೇಳಿದರೆ ನಗುವಂತಿಲ್ಲ. ಇಲ್ಲಿ ಅವಳ ಕಡೆಯಿಂದ ಬರೆಸಿಕೊಳ್ಳಬೇಕಾದದ್ದು ಒಂದು ಘಟನೆಯಲ್ಲ, ಒಂದು ಪಟ್ಟಿ. ಯಾವ ಯಾವ ದಿನ, ಎಲ್ಲೆಲ್ಲಿ, ಜೊತೆಗೆ ಯಾರಿದ್ದರು. ಅದನ್ನು ಬರೆಯಲು ಕೂತಾಗ ಜೊತೆಯಲ್ಲಿ ಒಬ್ಬರು ಇರಬೇಕು. ಹಾಳೆ ಕೊಟ್ಟು ಬಾಗಿಲು ಹಾಕಿದರೆ ಅವಳು ಎರಡು ಸಾಲು ಬರೆದು ಎದ್ದುಹೋಗುತ್ತಾಳೆ.

ಹೇಳಿದವರು ಯಾರು ಎಂದು ಆರೋಪಿಗೆ ತಿಳಿಸಲೇಬೇಕೆ? ಇದಕ್ಕೆ ಅಲಬಾಮಾದ ತೀರ್ಪು ಹೌದು ಎನ್ನುತ್ತದೆ. ರಾಂಚಿಯ ರಾಜೇಂದ್ರ ಮೆಡಿಕಲ್ ಕಾಲೇಜಿನ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು 1973ರಲ್ಲಿ ಬೇರೆ ಉತ್ತರ ಕೊಟ್ಟಿತು. 1972ರ ಜೂನ್‌ನಲ್ಲಿ ಒಂದು ರಾತ್ರಿ ಕೆಲವು ಗಂಡು ವಿದ್ಯಾರ್ಥಿಗಳು ಹುಡುಗಿಯರ ಹಾಸ್ಟೆಲಿನ ಆವರಣಕ್ಕೆ ನುಗ್ಗಿ ಅಸಭ್ಯವಾಗಿ ನಡೆದುಕೊಂಡಿದ್ದರು. 36 ವಿದ್ಯಾರ್ಥಿನಿಯರು ಸಹಿ ಹಾಕಿ ದೂರು ಕೊಟ್ಟರು. ಅಧ್ಯಾಪಕರ ಸಮಿತಿ ಹುಡುಗಿಯರ ಹೇಳಿಕೆಯನ್ನು ಹುಡುಗರ ಅನುಪಸ್ಥಿತಿಯಲ್ಲಿ ತೆಗೆದುಕೊಂಡಿತು. ಆರೋಪಿಗಳ ಫೋಟೋಗಳನ್ನು ಬೇರೆ ಇಪ್ಪತ್ತು ವಿದ್ಯಾರ್ಥಿಗಳ ಫೋಟೋಗಳ ಜೊತೆ ಬೆರೆಸಿ ಗುರುತಿಸಲು ಹೇಳಿತು. ಹುಡುಗರಿಗೆ ಆರೋಪ ಏನೆಂದು ಹೇಳಿ ಅವರ ಉತ್ತರ ಪಡೆಯಿತು, ಆದರೆ ಯಾವ ಹುಡುಗಿ ಏನು ಹೇಳಿದಳು ಎಂದು ಬಿಟ್ಟುಕೊಡಲಿಲ್ಲ. ಗುರುತಿಸಲ್ಪಟ್ಟವರನ್ನು ಎರಡು ಶೈಕ್ಷಣಿಕ ವರ್ಷ ಹೊರಹಾಕಲಾಯಿತು. ನಮ್ಮೆದುರು ಸಾಕ್ಷಿ ನುಡಿಸಲಿಲ್ಲ, ಪಾಟೀಸವಾಲಿಗೆ ಬಿಡಲಿಲ್ಲ ಎಂದು ಅವರು ವಾದಿಸಿದರು, ಕೋರ್ಟು ಒಪ್ಪಲಿಲ್ಲ. ನಾಳೆ ದಾರಿಯಲ್ಲಿ ಅಡ್ಡಗಟ್ಟಬಲ್ಲವರ ಎದುರು ನಿಂತು ಹೇಳು ಎಂದರೆ ಯಾವ ಹುಡುಗಿ ಬರುತ್ತಾಳೆ? ನ್ಯಾಯದ ನಿಯಮ ಎಲ್ಲ ಕಡೆ ಒಂದೇ ಅಚ್ಚಿನಲ್ಲಿ ಇರುವುದಿಲ್ಲ, ಸಂದರ್ಭ ನೋಡಬೇಕು ಎಂಬುದು ಆ ತೀರ್ಪಿನ ಧಾಟಿ.

ಈ ತೀರ್ಪನ್ನು ಕಾಲೇಜುಗಳು ‘ನಾವು ಪಾಟೀಸವಾಲಿಗೆ ಬಿಡಬೇಕಾಗಿಲ್ಲ’ ಎಂದಷ್ಟೇ ಓದಿಕೊಳ್ಳುತ್ತವೆ. ಆ ಸಮಿತಿ ಎಷ್ಟು ಕಷ್ಟಪಟ್ಟಿತ್ತು ಎನ್ನುವುದನ್ನು ಯಾರೂ ಹೇಳುವುದಿಲ್ಲ. ಇಪ್ಪತ್ತು ಬೇರೆ ಫೋಟೋ ಹುಡುಕಿ ತಂದು ಬೆರೆಸಬೇಕು ಎಂದು ಯಾರಿಗೋ ಹೊಳೆದಿತ್ತಲ್ಲ, ಅದು ನನಗೆ ತೀರ್ಪಿಗಿಂತ ದೊಡ್ಡದಾಗಿ ಕಾಣುತ್ತದೆ. ದೂರು ಕೊಟ್ಟವರನ್ನು ನಂಬುತ್ತಲೇ ಅವರು ಗುರುತು ತಪ್ಪಬಹುದು ಎಂದೂ ಯೋಚಿಸಿದವರು ಅವರು. ಸಾಲಾಗಿ ನಿಲ್ಲಿಸಿ ಚಪ್ಪಲಿ ನೋಡುವವರಿಗೆ ಇದು ಹೊಳೆಯುವಂಥದ್ದಲ್ಲ.

ಇನ್ನೊಂದು ಬಗೆಯ ಲೆಟರ್ ಇದೆ, ಅದು ದೂರು ಕೊಟ್ಟವರ ಕೈಯಲ್ಲಿ ಬರೆಸುವುದು. ‘ನಮ್ಮಲ್ಲಿ ರಾಜಿಯಾಗಿದೆ, ದೂರನ್ನು ಹಿಂತೆಗೆದುಕೊಳ್ಳುತ್ತೇನೆ, ಯಾರ ಒತ್ತಡವೂ ಇಲ್ಲ.’ ಒತ್ತಡ ಇಲ್ಲ ಎಂದು ಬರೆಸುವುದೇ ಒತ್ತಡ ಇದ್ದದ್ದಕ್ಕೆ ಗುರುತು ಎಂದು ನನಗೆ ಯಾವಾಗಲೂ ಅನಿಸಿದೆ. ಹೀಗೆ ಒಂದು ಕಡೆ ಕ್ಷಮಾಪಣೆ, ಇನ್ನೊಂದು ಕಡೆ ರಾಜಿಪತ್ರ, ಎರಡನ್ನೂ ಪಿನ್ನು ಚುಚ್ಚಿ ಸೇರಿಸಿದರೆ ಫೈಲು ಪೂರ್ಣ. ನಡೆದದ್ದೇನು ಎನ್ನುವುದು ಎರಡರ ನಡುವೆ ಎಲ್ಲೋ ಬಿದ್ದುಹೋಗಿರುತ್ತದೆ. ದೂರು ಕೊಟ್ಟವರಿಗೆ ಕೊನೆಗೆ ಏನಾಯಿತು ಎಂದು ತಿಳಿಸುವ ಪದ್ಧತಿಯೂ ಹೆಚ್ಚಿನ ಕಡೆ ಇಲ್ಲ. ‘ಕ್ರಮ ಕೈಗೊಂಡಿದ್ದೇವೆ’ ಎನ್ನುವುದು ಉತ್ತರ. ಯಾವ ಕ್ರಮ ಎಂದರೆ ಅದು ಗೋಪ್ಯ.

ರ‍್ಯಾಗಿಂಗ್ ವಿಷಯಕ್ಕೆ ಮಾತ್ರ ನಮ್ಮಲ್ಲಿ ಬಿಗಿಯಾದ ನಿಯಮಗಳಿವೆ. 2009ರ ಯುಜಿಸಿ ನಿಬಂಧನೆಗಳಲ್ಲಿ ಸಮಿತಿ, ದಳ, ಪ್ರತಿ ವರ್ಷದ ಪ್ರಮಾಣಪತ್ರ, ಶಿಕ್ಷೆಗಳ ಪಟ್ಟಿ ಎಲ್ಲ ಉಂಟು. ಅದರಲ್ಲೇ ಒಂದು ಸಾಲಿದೆ. ರ‍್ಯಾಗಿಂಗ್ ಮಾಡಿದವರು ಯಾರೆಂದು ಗುರುತಿಸಲಾಗದಿದ್ದರೆ ಸಂಸ್ಥೆ ಸಾಮೂಹಿಕ ಶಿಕ್ಷೆಗೆ ಹೋಗಬೇಕು ಎನ್ನುತ್ತದೆ ಅದು. ಹಿರಿಯ ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ಬಚ್ಚಿಡುವುದನ್ನು ಒಡೆಯುವ ಉದ್ದೇಶ ಅರ್ಥವಾಗುತ್ತದೆ. ರ‍್ಯಾಗಿಂಗಿನಿಂದ ಸತ್ತ ಮಕ್ಕಳ ನೆನಪಿನಲ್ಲಿ ಹುಟ್ಟಿದ ನಿಯಮ, ಅದರ ಬಗ್ಗೆ ಹಗುರವಾಗಿ ಬರೆಯಲಾರೆ. ಆದರೂ ನನಗೆ ಒಪ್ಪಿಗೆಯಿಲ್ಲ. ಎಲ್ಲರನ್ನೂ ಶಿಕ್ಷಿಸಬಹುದು ಎಂದು ಗೊತ್ತಿದ್ದ ಮೇಲೆ ಯಾರೆಂದು ಹುಡುಕುವ ಶ್ರಮ ಯಾರು ತೆಗೆದುಕೊಳ್ಳುತ್ತಾರೆ? ಮಾಡದವನಿಗೂ ಮಾಡಿದವನಿಗೂ ಒಂದೇ ಫಲ ಎಂದರೆ ಹೆಸರು ಹೇಳುವ ಧೈರ್ಯ ಇದ್ದವನೂ ಗುಂಪಿನೊಳಗೇ ಉಳಿಯುತ್ತಾನೆ.

ಒಪ್ಪಿಕೊಳ್ಳುವುದಕ್ಕೂ ಒಂದು ದಾರಿ

ಒಪ್ಪಿಕೊಂಡು ಮುಗಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ 1842ರಿಂದ ಒಂದು ಗೌರವ ಪದ್ಧತಿ ನಡೆದುಕೊಂಡು ಬಂದಿದೆ. ಸುಳ್ಳು, ನಕಲು, ಕಳವು ಈ ಮೂರಕ್ಕೆ ಅದು ಅನ್ವಯ, ಈಗ ಅದನ್ನು ನಡೆಸುವವರು ವಿದ್ಯಾರ್ಥಿಗಳೇ. ಬಹುಕಾಲ ಅಲ್ಲಿ ತಪ್ಪು ಸಾಬೀತಾದರೆ ಒಂದೇ ಶಿಕ್ಷೆ ಇತ್ತು, ಶಾಶ್ವತವಾಗಿ ಹೊರಹಾಕುವುದು. 2022ರಲ್ಲಿ ವಿದ್ಯಾರ್ಥಿಗಳೇ ಮತ ಹಾಕಿ ಅದನ್ನು ತೆಗೆದರು. ಆ ಪದ್ಧತಿಯೊಳಗೆ ಒಪ್ಪಿಗೆಗೂ ಒಂದು ನಿಯಮ ಇದೆ. ಯಾರಿಗೂ ಅನುಮಾನ ಬರುವ ಮೊದಲೇ ತಾನಾಗಿ ಬಂದು ಇಂಥ ತಪ್ಪು ಮಾಡಿದ್ದೇನೆ ಎಂದು ಹೇಳಿದರೆ ಆ ತಪ್ಪಿಗೆ ಹೊರಹಾಕುವುದಿಲ್ಲ. ಅಂದರೆ ಒಪ್ಪಿಕೊಳ್ಳುವವನಿಗೆ ತಾನು ಒಪ್ಪಿಕೊಳ್ಳುತ್ತಿರುವುದು ಏನನ್ನು, ಅದರಿಂದ ಏನಾಗುತ್ತದೆ ಎರಡೂ ಮೊದಲೇ ಗೊತ್ತು. ನಮ್ಮ ಲೆಟರ್ ಬರೆಯುವವನಿಗೆ ಎರಡೂ ಗೊತ್ತಿಲ್ಲ.

ಸಸ್ಪೆನ್ಷನ್ನಿನ ಕತೆಯೂ ಹೀಗೇ. ‘ವಿಚಾರಣೆ ಮುಗಿಯುವವರೆಗೆ’ ಎಂದು ಹೊರಗಿಟ್ಟು ವಿಚಾರಣೆಯನ್ನೇ ಮರೆತರೆ ಹೊರಗಿಟ್ಟದ್ದೇ ಶಿಕ್ಷೆಯಾಗುತ್ತದೆ, ಹಾಜರಾತಿ ಹೋಗುತ್ತದೆ, ಇಂಟರ್ನಲ್ಸ್ ಹೋಗುತ್ತದೆ. ಓಹಾಯೊದ ಕೊಲಂಬಸ್‌ನಲ್ಲಿ 1971ರಲ್ಲಿ ಡ್ವೈಟ್ ಲೋಪೆಜ್ ಎಂಬ ಹುಡುಗನನ್ನು ಊಟದ ಕೋಣೆಯ ಗಲಾಟೆಯ ನಂತರ ಬೇರೆ ಹಲವರ ಜೊತೆ ಸಸ್ಪೆಂಡ್ ಮಾಡಿದ್ದರು. ನಾನು ಅಲ್ಲಿ ಸುಮ್ಮನೆ ನಿಂತಿದ್ದೆ ಎಂದ ಅವನ ಮಾತನ್ನು ಕೇಳಿದವರಿಲ್ಲ. 1975ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಬಹುಮತದಲ್ಲಿ ಹೇಳಿದ್ದು ಇಷ್ಟೆ. ಹತ್ತು ದಿನದ ಸಸ್ಪೆನ್ಷನ್ನಿಗೂ ಆರೋಪ ಏನು ಎಂದು ಹೇಳಬೇಕು, ಅವನು ಅಲ್ಲಗಳೆದರೆ ನಮ್ಮ ಹತ್ತಿರ ಏನು ಪುರಾವೆ ಇದೆ ಎಂದು ತಿಳಿಸಬೇಕು, ಅವನ ಕಡೆಯದನ್ನು ಕೇಳಬೇಕು. ಬಾಯಿಮಾತಿನಲ್ಲೇ ಆಗಲಿ, ಐದು ನಿಮಿಷದಲ್ಲೇ ಆಗಲಿ. ಅಪಾಯ ಇದ್ದರೆ ಮೊದಲು ಹೊರಗೆ ಕಳಿಸಿ, ಆದರೆ ಆದಷ್ಟು ಬೇಗ ಕರೆದು ಕೇಳಿ. ಇದಕ್ಕಿಂತ ಕಡಿಮೆ ಏನನ್ನು ಕೇಳಲು ಸಾಧ್ಯ ಎಂದು ನನಗೆ ತಿಳಿಯುವುದಿಲ್ಲ.

ಬರಹದಲ್ಲಿ ಕೊಡಿ

ಈಗಲೂ ಆಗಾಗ ವಿದ್ಯಾರ್ಥಿಗಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ‘ಸರ್, ನಾಳೆ ಕಮಿಟಿಗೆ ಬಾ ಅಂದಿದಾರೆ, ಏನ್ಮಾಡ್ಲಿ?’ ಎನ್ನುತ್ತಾರೆ. ಯಾವುದಕ್ಕೆ ಕರೆದಿದ್ದಾರೆ ಎಂದು ಮೊದಲು ಕೇಳು, ಸಾಧ್ಯವಾದರೆ ಬರಹದಲ್ಲಿ ಕೇಳು ಎನ್ನುತ್ತೇನೆ. ಮಾಡಿದ್ದರೆ ಮಾಡಿದ್ದನ್ನೇ ಬರೆ, ಇಂಥ ದಿನ ಇಂಥದ್ದು ಮಾಡಿದೆ ಎಂದು ಬರೆ. ಮಾಡದ್ದನ್ನು ‘ತಿಳಿಯದೆ’ ಎಂದು ಸೇರಿಸಿ ಬರೆಯಬೇಡ. ಹೇಳುವುದು ಸುಲಭ. ಹದಿನೆಂಟರ ಮಗು ಐದಾರು ಹಿರಿಯರ ಎದುರು ನಿಂತು ‘ಆರೋಪ ಏನು ಸರ್’ ಎಂದರೆ ಆ ಪ್ರಶ್ನೆಯೇ ಅಶಿಸ್ತು ಅನಿಸಿಕೊಳ್ಳುತ್ತದೆ ಎನ್ನುವುದೂ ನನಗೆ ಗೊತ್ತು. ಇಂಟರ್ನಲ್ ಅಂಕ ಅದೇ ಮೇಜಿನ ಆಚೆ ಕೂತವರ ಕೈಯಲ್ಲಿರುತ್ತದೆ. ಅಪೀಲು ಯಾರಿಗೆ ಎಂದು ನೋಡಿದರೆ ಎಷ್ಟೋ ಕಡೆ ಆ ಸಮಿತಿಯ ಅಧ್ಯಕ್ಷರಿಗೇ. ಹಾಗಾಗಿ ನನ್ನ ಮಾತು ಕೇಳಿ ಹೋದವರಲ್ಲಿ ಹೆಚ್ಚಿನವರು ಲೆಟರ್ ಬರೆದುಕೊಟ್ಟೇ ಬಂದಿದ್ದಾರೆ. ಅವರನ್ನು ತಪ್ಪೆನ್ನಲಾರೆ.

ಒಬ್ಬಳು ಮಾತ್ರ ಕೇಳಿಯೇಬಿಟ್ಟಳು. ಕಾಲೇಜಿನ ಕಾರ್ಯಕ್ರಮವೊಂದರಲ್ಲಿ ಏನೋ ನಡೆದು ಅವಳ ತಂಡವನ್ನೆಲ್ಲ ಕರೆದಿದ್ದರು. ಜೋರು ಮಾಡಲಿಲ್ಲ, ವಾದಿಸಲಿಲ್ಲ. ‘ಯಾವುದರ ಬಗ್ಗೆ ಅಂತ ಬರಹದಲ್ಲಿ ಕೊಟ್ಟರೆ ಅದಕ್ಕೆ ಬರಹದಲ್ಲೇ ಉತ್ತರ ಕೊಡ್ತೀನಿ ಸರ್’ ಎಂದಳಂತೆ. ಆಯ್ತು, ಕಳಿಸ್ತೀವಿ, ಹೋಗು ಎಂದರಂತೆ. ಉಳಿದವರು ಲೆಟರ್ ಬರೆದುಕೊಟ್ಟು ಕ್ಯಾಂಟೀನಿಗೆ ಹೋದರು. ಇವಳು ಕಾಯುತ್ತ ಕೂತಳು. ವಾರ ಕಳೆಯಿತು, ತಿಂಗಳು ಕಳೆಯಿತು. ಆ ಕಾಗದ ಬರಲೇ ಇಲ್ಲ, ಮತ್ತೆ ಯಾರೂ ಕರೆಯಲೂ ಇಲ್ಲ. ಸಿಕ್ಕಾಗಲೆಲ್ಲ ‘ಮುಗಿದಿದೆಯೋ ಇಲ್ಲವೋ ಗೊತ್ತಾಗ್ತಿಲ್ಲ ಸರ್’ ಎನ್ನುತ್ತಿದ್ದಳು. ಅವಳ ಗೆಳತಿಯರಿಗೆ ಆ ಕಾಟ ಇರಲಿಲ್ಲ. ಕೊನೆಯ ಸೆಮಿಸ್ಟರ್ ಮುಗಿದು ನಡತೆ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವ ಹೊತ್ತಿಗೆ ಅವಳಿಗೆ ನಿದ್ದೆ ಬರದಷ್ಟು ಭಯ. ಆಫೀಸಿಗೇ ಹೋಗಿ ಕೇಳಿಬಿಡು ಎಂದೆ. ಹೋದಳು. ಗುಮಾಸ್ತರು ಫೈಲು ತೆಗೆದು, ಬೆರಳಾಡಿಸಿ, ಅವಳ ತಂಡದ ಎಲ್ಲರ ಹೆಸರನ್ನೂ ಓದಿ, ಅವಳದಕ್ಕೆ ಬಂದು ನಿಂತರಂತೆ.

‘ನಿಮ್ಮ ಹೆಸರಲ್ಲಿ ಏನೂ ಇಲ್ವಲ್ಲಮ್ಮ. ಯಾಕೆ, ಏನಾದ್ರೂ ಇರ್ಬೇಕಿತ್ತಾ?’